ಒಂದು ಅಂಕಿ, ಎರಡು ಅರ್ಥ: ಮೂತ್ರಪಿಂಡದ ರೋಗದಲ್ಲಿ ಪಿ.ಟಿ.ಎಚ್. ಪರೀಕ್ಷೆ

ಶಬ್ದಾರ್ಥದ ಪಾಠ ಹೇಳುವಾಗ ಪಂಡಿತರು ಒಂದು ಹಳೆಯ ಉದಾಹರಣೆಯನ್ನು ಕೊಡುವುದುಂಟು. ‘ಸೈಂಧವ’ ಎಂಬ ಮಾತಿಗೆ ಉಪ್ಪು ಎಂದೂ ಅರ್ಥ, ಕುದುರೆ ಎಂದೂ ಅರ್ಥ. ಎರಡೂ ಸಿಂಧು ದೇಶದಿಂದ ಬಂದವು. ಯಜಮಾನನು ಊಟದ ಎಲೆಯ ಮುಂದೆ ಕುಳಿತು ‘ಸೈಂಧವ ತಾ’ ಎಂದರೆ ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಸಿದ್ಧನಾಗಿ ನಿಂತು ಅದೇ ಮಾತನ್ನು ಹೇಳಿದರೆ ಕುದುರೆಯನ್ನು ತರಬೇಕು. ಎಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದವನಿಗೆ ನಿಘಂಟು ಬಾಯಿಪಾಠವಾಗಿರಬಹುದು. ಸಂದರ್ಭಜ್ಞಾನ ಮಾತ್ರ ಇಲ್ಲ.

ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಈ ಪಾಠವನ್ನು ಮಕ್ಕಳಿಗೆ ಹೇಳಿದ ನಾನು, ನನ್ನ ಮನೆಯವರ ವಿಷಯದಲ್ಲೇ ಎಲೆಯ ಮುಂದೆ ಕುದುರೆಯನ್ನು ತಂದೆ. ನನ್ನ ಅಕ್ಕನ ಯಜಮಾನರು, ನಮ್ಮ ಭಾವನವರು, ಬಹುಕಾಲದ ಸಕ್ಕರೆ ಕಾಯಿಲೆಯವರು. ಅವರ ಮೂತ್ರಪಿಂಡಗಳು ಸೋತು, ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ನಡೆಯುತ್ತಿತ್ತು. ಒಂದು ದಿನ ಅಕ್ಕ ಪ್ರಯೋಗಾಲಯದ ವರದಿಯನ್ನು ನನ್ನ ಕೈಗಿತ್ತು, “ಇದನ್ನು ನೋಡಪ್ಪ, ಏನೆಂದು ಹೇಳು” ಎಂದಳು. ಅದರಲ್ಲಿ ‘ಪಿ.ಟಿ.ಎಚ್. ೪೮’ ಎಂದಿತ್ತು. ಪಕ್ಕದಲ್ಲೇ ‘೧೫ ರಿಂದ ೬೫’ ಎಂದು ಆರೋಗ್ಯವಂತರ ಪ್ರಮಾಣವೂ ಅಚ್ಚಾಗಿತ್ತು. ೪೮ ಎಂಬುದು ಅವೆರಡರ ನಡುವೆ ಸುಖವಾಗಿ ಕುಳಿತಿತ್ತು. “ಚೆನ್ನಾಗಿದೆ ಅಕ್ಕ, ಮೂಳೆಗೆ ಏನೂ ತೊಂದರೆ ಇಲ್ಲ” ಎಂದು ನಾನು ಧೈರ್ಯ ಹೇಳಿದೆ. ಅಷ್ಟಕ್ಕೇ ಸುಮ್ಮನಿರದೆ, ಭಾವನವರ ಕಾಲುನೋವಿಗೆ ಔಷಧದ ಅಂಗಡಿಯಿಂದ ಇನ್ನಷ್ಟು ಕ್ಯಾಲ್ಸಿಯಂ ಗುಳಿಗೆಗಳನ್ನೂ ತಂದುಕೊಟ್ಟೆ.

ಮುಂದಿನ ವಾರ ವೈದ್ಯರು ಅದೇ ವರದಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಮೇಷ್ಟ್ರೇ, ಇದು ನಿಮ್ಮ ಶಾಲೆಯ ಅಂಕಪಟ್ಟಿಯಲ್ಲ. ಡಯಾಲಿಸಿಸ್ ನಡೆಯುತ್ತಿರುವವರಿಗೆ ೪೮ ಎಂದರೆ ತೀರ ಕಡಮೆ. ಇವರ ಮೂಳೆ ನಿದ್ದೆ ಹೋಗಿರಬಹುದು” ಎಂದರು. ನಾನು ತಂದುಕೊಟ್ಟಿದ್ದ ಗುಳಿಗೆಗಳನ್ನು ಅವರು ಮೊದಲು ನಿಲ್ಲಿಸಿದರು.

ಆ ದಿನದಿಂದ ಈ ವಿಷಯವನ್ನು ಕೇಳಿ, ಓದಿ, ತಿಳಿದುಕೊಳ್ಳಲು ಯತ್ನಿಸಿದೆ. ಬಾನುಲಿಯಲ್ಲಿ ಅಂಕಿಗಳನ್ನು ಹೇಳಿದರೆ ಅವು ಕಿವಿಯಿಂದ ಬೇಗನೆ ಜಾರಿಹೋಗುತ್ತವೆ. ಅಚ್ಚಿನ ಪುಟವನ್ನಾದರೆ ವರದಿಯ ಪಕ್ಕದಲ್ಲಿಟ್ಟುಕೊಂಡು ಓದಬಹುದು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಮೂತ್ರಪಿಂಡದ ರೋಗಿಗಳಿದ್ದರೆ, ನಾನು ಮಾಡಿದ ತಪ್ಪನ್ನು ನೀವು ಮಾಡದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಬೇಳೆಯಷ್ಟು ಗಾತ್ರದ ಕಾವಲುಗಾರರು

ಪಿ.ಟಿ.ಎಚ್. ಎಂದರೆ ಪ್ಯಾರಾಥೈರಾಯ್ಡ್ ಹಾರ್ಮೋನು. ನಮ್ಮ ಕೊರಳಿನ ಮುಂಭಾಗದಲ್ಲಿ ಥೈರಾಯ್ಡ್ ಎಂಬ ಗ್ರಂಥಿಯುಂಟು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ‘ಗುರಾಣಿಯಂಥದು’ ಎಂದರ್ಥ. ‘ಪ್ಯಾರಾ’ ಎಂದರೆ ಪಕ್ಕದ್ದು. ಗುರಾಣಿಯಂಥ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಂತೆ, ಸಾಮಾನ್ಯವಾಗಿ ನಾಲ್ಕು, ತೊಗರಿಬೇಳೆಯಷ್ಟು ಗಾತ್ರದ ಪುಟ್ಟ ಗ್ರಂಥಿಗಳಿರುತ್ತವೆ. ನಾಲ್ಕೂ ಸೇರಿ ಕಾಲು ಗ್ರಾಮಿನಷ್ಟೂ ತೂಗುವುದಿಲ್ಲ.

ಇವು ಮೊದಲು ಶೋಧಕರ ಕಣ್ಣಿಗೆ ಬಿದ್ದ ಬಗೆ ನಮಗೆ ಸ್ವಾರಸ್ಯವಾದುದು. ೧೮೪೯ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಭಾರತದ ಘೇಂಡಾಮೃಗವೊಂದು ಸತ್ತಿತು. ರಿಚರ್ಡ್ ಓವನ್ ಎಂಬ ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞರು ಅದರ ಶರೀರವನ್ನು ಛೇದಿಸಿ ಪರೀಕ್ಷಿಸುವಾಗ, ಥೈರಾಯ್ಡಿಗೆ ಅಂಟಿಕೊಂಡಿದ್ದ ಹಳದಿ ಬಣ್ಣದ ಒಂದು ಸಣ್ಣ ಗ್ರಂಥಿಯನ್ನು ಕಂಡು ಬರೆದಿಟ್ಟರು. ಮನುಷ್ಯರಲ್ಲಿ ಇವುಗಳನ್ನು ಗುರುತಿಸಿ ಹೆಸರಿಟ್ಟವರು ಸ್ವೀಡನ್ನಿನ ಉಪ್ಸಾಲದ ಈವಾರ್ ಸಾಂಡ್‌ಸ್ಟ್ರೋಮ್. ಅವರ ಬರಹ ೧೮೮೦ರಲ್ಲಿ ಪ್ರಕಟವಾಯಿತು. ಈ ಬೇಳೆಗಳ ಕೆಲಸವೇನೆಂಬುದು ತಿಳಿದದ್ದು ಅನಂತರದ ಮಾತು.

ಅವುಗಳ ಕೆಲಸ ಕಾವಲು. ನಮ್ಮ ರಕ್ತದಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಒಂದು ಬಿಗಿಯಾದ ಅಳತೆಯಲ್ಲಿರಬೇಕು. ಹೆಚ್ಚಿದರೂ ಕಷ್ಟ, ಕಡಮೆಯಾದರೂ ಕಷ್ಟ. ಹೃದಯದ ಬಡಿತವೂ ಸ್ನಾಯುಗಳ ಚಲನೆಯೂ ಅದನ್ನು ಅವಲಂಬಿಸಿವೆ. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ ೯೯ ಭಾಗ ಮೂಳೆಗಳಲ್ಲೇ ಇದೆ. ಮೂಳೆಯನ್ನು ಕಣಜವೆಂದುಕೊಳ್ಳಿ, ರಕ್ತವನ್ನು ದಿನಬಳಕೆಯ ಡಬ್ಬಿಯೆಂದುಕೊಳ್ಳಿ. ಡಬ್ಬಿ ಬರಿದಾಗುತ್ತಿದೆಯೆಂದು ಕಂಡೊಡನೆ ಈ ಗ್ರಂಥಿಗಳು ಪಿ.ಟಿ.ಎಚ್.ಅನ್ನು ರಕ್ತಕ್ಕೆ ಬಿಡುತ್ತವೆ. ಅದು ಮೂಳೆಗೆ ಹೋಗಿ ‘ಕಣಜದಿಂದ ಸ್ವಲ್ಪ ತೆಗೆ’ ಎನ್ನುತ್ತದೆ. ಮೂತ್ರಪಿಂಡಕ್ಕೆ ಹೋಗಿ ಮೂರು ಮಾತು ಹೇಳುತ್ತದೆ: ಕ್ಯಾಲ್ಸಿಯಂ ಹೊರಗೆ ಹೋಗಗೊಡಬೇಡ, ಫಾಸ್ಫೇಟನ್ನು ಹೊರಕ್ಕೆ ಚೆಲ್ಲು, ಡಿ ಜೀವಸತ್ವವನ್ನು ಹುರುಪಿನ ರೂಪಕ್ಕೆ ತಾ. ಹುರುಪುಗೊಂಡ ಡಿ ಜೀವಸತ್ವವು ಕರುಳಿನಲ್ಲಿ ಆಹಾರದಿಂದ ಕ್ಯಾಲ್ಸಿಯಂ ಎಳೆದುಕೊಳ್ಳಲು ನೆರವಾಗುತ್ತದೆ. ಹೀಗೆ ಡಬ್ಬಿ ತುಂಬಿದೊಡನೆ ಗ್ರಂಥಿಗಳು ಸುಮ್ಮನಾಗುತ್ತವೆ. ರಕ್ತದಲ್ಲಿ ಪೂರ್ಣ ಪಿ.ಟಿ.ಎಚ್.ನ ಆಯುಸ್ಸು ಕೆಲವೇ ನಿಮಿಷ. ಆದುದರಿಂದ ಆಜ್ಞೆ ಹೊರಡುವುದೂ ಬೇಗ, ಹಿಂದಕ್ಕೆ ಸರಿಯುವುದೂ ಬೇಗ.

ಮೂಳೆಯ ಜೀರ್ಣೋದ್ಧಾರ

ಮೂಳೆಯನ್ನು ಕಲ್ಲಿನ ಕಂಬವೆಂದು ನಾವು ತಿಳಿಯುತ್ತೇವೆ. ಅದು ತಪ್ಪು. ಹಳೆಯ ದೇವಸ್ಥಾನದ ಜೀರ್ಣೋದ್ಧಾರ ನೋಡಿದ್ದೀರಷ್ಟೆ. ಸಡಿಲಗೊಂಡ ಕಲ್ಲನ್ನು ಒಂದು ತಂಡ ಕೀಳುತ್ತಿದ್ದರೆ, ಅದರ ಹಿಂದೆಯೇ ಇನ್ನೊಂದು ತಂಡ ಹೊಸ ಕಲ್ಲನ್ನು ಕೂರಿಸುತ್ತ ಬರುತ್ತದೆ. ಮೂಳೆಯಲ್ಲಿಯೂ ಕೀಳುವ ಜೀವಕೋಶಗಳು ಬೇರೆ, ಕಟ್ಟುವ ಜೀವಕೋಶಗಳು ಬೇರೆ. ವಯಸ್ಕರ ಅಸ್ಥಿಪಂಜರದಲ್ಲಿ ಸುಮಾರು ಹತ್ತನೆಯ ಒಂದು ಭಾಗ ವರ್ಷವರ್ಷವೂ ಹೀಗೆ ಹೊಸದಾಗುತ್ತದೆ. ನಡೆದಾಡುವಾಗ ಮೂಳೆಯಲ್ಲಿ ಬೀಳುವ ಕಣ್ಣಿಗೆ ಕಾಣದ ಬಿರುಕುಗಳು ಸರಿಯಾಗುವುದು ಈ ಕೆಲಸದಿಂದಲೇ.

ಈ ಕೀಳುವ-ಕಟ್ಟುವ ಕೆಲಸದ ವೇಗವನ್ನು ಬಹುಮಟ್ಟಿಗೆ ನಿರ್ಧರಿಸುವ ಮೇಸ್ತ್ರಿ ಪಿ.ಟಿ.ಎಚ್. ಮೇಸ್ತ್ರಿಯ ಕೂಗು ಅತಿಯಾದರೆ ಕೀಳುವವರು ಆತುರಪಟ್ಟು ಗೋಡೆಯನ್ನೇ ತೋಡುತ್ತಾರೆ. ಕಟ್ಟುವವರು ಅವಸರದಲ್ಲಿ ಕಟ್ಟಿದ್ದು ಗಟ್ಟಿಯಾಗಿರುವುದಿಲ್ಲ. ಕೂಗೇ ಇಲ್ಲದಿದ್ದರೆ ಎರಡು ತಂಡಗಳೂ ಮರದ ನೆರಳಿಗೆ ಹೋಗಿ ಮಲಗುತ್ತವೆ. ಬಿರುಕು ಬಿಟ್ಟದ್ದು ಬಿರುಕಾಗಿಯೇ ಉಳಿಯುತ್ತದೆ. ಮೂತ್ರಪಿಂಡದ ರೋಗಿಗಳ ಮೂಳೆಗೆ ಈ ಎರಡು ಅಪಾಯಗಳೂ ಉಂಟು. ಪರೀಕ್ಷೆಯನ್ನು ಓದುವ ಕಷ್ಟವೆಲ್ಲ ಇಲ್ಲಿಯೇ ಇದೆ.

ಮೂತ್ರಪಿಂಡ ಸೋತಾಗ

ಮೂತ್ರಪಿಂಡ ದುರ್ಬಲವಾಗುತ್ತ ಬಂದಂತೆ ಫಾಸ್ಫೇಟನ್ನು ಹೊರಹಾಕುವ ಶಕ್ತಿ ಕುಂದುತ್ತದೆ. ಮೂಳೆಯೇ ಇದನ್ನು ಮೊದಲು ಅರಿತು ಎಫ್.ಜಿ.ಎಫ್. ೨೩ ಎಂಬ ತನ್ನದೇ ಹಾರ್ಮೋನನ್ನು ಕಳಿಸುತ್ತದೆ. ಅದು ಉಳಿದಿರುವ ಮೂತ್ರಪಿಂಡದಿಂದ ಹೆಚ್ಚು ಫಾಸ್ಫೇಟನ್ನು ಹೊರಡಿಸುತ್ತದೆ. ಆದರೆ ಅದರೊಡನೆ ಡಿ ಜೀವಸತ್ವ ಹುರುಪುಗೊಳ್ಳುವುದನ್ನೂ ತಗ್ಗಿಸುತ್ತದೆ. ಡಿ ಜೀವಸತ್ವ ತಗ್ಗಿದರೆ ಕರುಳಿನಿಂದ ಬರುವ ಕ್ಯಾಲ್ಸಿಯಂ ಕಡಮೆ. ಕ್ಯಾಲ್ಸಿಯಂ ಕಡಮೆಯಾಯಿತೆಂದರೆ ಕೊರಳಿನ ಕಾವಲುಗಾರರು ಕೂಗತೊಡಗುತ್ತಾರೆ. ಹೀಗಾಗಿ ರೋಗ ಇನ್ನೂ ನಡುಮಟ್ಟದಲ್ಲಿರುವಾಗಲೇ, ರಕ್ತದ ಕ್ಯಾಲ್ಸಿಯಂ ಫಾಸ್ಫೇಟುಗಳು ಸರಿಯಾಗಿಯೇ ಕಾಣುತ್ತಿರುವಾಗಲೂ, ಪಿ.ಟಿ.ಎಚ್. ಏರಿರಬಹುದು. ಇದು ಒಂದು ಹಂತದವರೆಗೆ ದೇಹವು ಮಾಡಿಕೊಂಡ ಹೊಂದಾಣಿಕೆಯೇ ಹೊರತು ಶತ್ರುವಲ್ಲ.

ಹೊಂದಾಣಿಕೆ ವರ್ಷಗಟ್ಟಲೆ ಮುಂದುವರಿದರೆ ಗ್ರಂಥಿಗಳು ಊದಿಕೊಳ್ಳುತ್ತವೆ. ಕೊನೆಗೆ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಅವು ಕೂಗುವುದನ್ನು ನಿಲ್ಲಿಸುವುದಿಲ್ಲ. ಆಗ ಮೂಳೆ ಅತಿವೇಗದಿಂದ ಕರಗುತ್ತದೆ. ಅದರೊಳಗೆ ನಾರಿನಂಥ ಅಂಗಾಂಶ ಬೆಳೆಯುತ್ತದೆ. ಮೂಳೆನೋವು, ಮುರಿತ, ಕೆಲವರಲ್ಲಿ ಮೈಯ ತುರಿಕೆ ಕಾಣಿಸಿಕೊಳ್ಳುತ್ತವೆ. ಇದು ಅತಿವೇಗದ ಮೂಳೆರೋಗ.

ಇದಕ್ಕೆ ಪ್ರತಿಯಾದುದು ಮಂದಗತಿಯ ಮೂಳೆರೋಗ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಕ್ಯಾಲ್ಸಿಯಂ ಗುಳಿಗೆಗಳೂ ಹುರುಪಿನ ಡಿ ಜೀವಸತ್ವವೂ ಮಿತಿಮೀರಿದಾಗ ಗ್ರಂಥಿಗಳು ಬಾಯಿಮುಚ್ಚಿ, ಮೂಳೆಯ ಎರಡು ತಂಡಗಳೂ ಮಲಗಿಬಿಡುವುದರಿಂದ ಇದು ಬರಬಹುದು. ೧೯೭೦ರ ದಶಕದಲ್ಲಿ ಡಯಾಲಿಸಿಸ್ ನೀರಿನಲ್ಲಿದ್ದ ಅಲ್ಯೂಮಿನಿಯಂ ಮೂಳೆಯಲ್ಲಿ ಸೇರಿಕೊಂಡು ಇಂಗ್ಲೆಂಡಿನ ನ್ಯೂಕ್ಯಾಸಲ್ ಮುಂತಾದ ಕಡೆಗಳಲ್ಲಿ ಅನೇಕ ರೋಗಿಗಳ ಮೂಳೆ ಕೆಟ್ಟಿತು. ನೀರನ್ನು ಶುದ್ಧಗೊಳಿಸುವ ಕ್ರಮ ಬಂದ ಮೇಲೆ ಆ ಕೇಡು ಬಹಳ ಇಳಿಯಿತು. ಮಂದಗತಿಯ ಮೂಳೆಯಲ್ಲಿ ನೋವು ಕಾಣದೆಯೂ ಇರಬಹುದು. ಆದರೆ ಮಲಗಿದ ಮೂಳೆ ಕ್ಯಾಲ್ಸಿಯಂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಗಿಲು ಮುಚ್ಚಿದ ಕಣಜಕ್ಕೆ ಮೂಟೆ ತಂದರೆ ಅದು ಬೀದಿಯಲ್ಲೇ ಉಳಿಯಬೇಕಷ್ಟೆ. ಹಾಗೆ ಉಳಿದ ಸುಣ್ಣ ರಕ್ತನಾಳಗಳ ಗೋಡೆಯಲ್ಲೂ ಹೃದಯದ ಕವಾಟಗಳಲ್ಲೂ ಕೂರುತ್ತದೆ. ಭಾವನವರ ಮೂಳೆಗೆ ಒಳ್ಳೆಯದಾಗಲೆಂದು ನಾನು ತಂದ ಗುಳಿಗೆ ಹೋಗಿ ಸೇರುತ್ತಿದ್ದ ಜಾಗ ಎಂಥದೆಂದು ತಿಳಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಅಂಕಿ ಹೇಳುವುದೇನು?

ಹಾಗಾದರೆ ಆರೋಗ್ಯವಂತರಿಗೆ ಸರಿಯಾದ ೪೮ ಡಯಾಲಿಸಿಸ್ ರೋಗಿಗೆ ಏಕೆ ಕಡಮೆ? ಎರಡು ಕಾರಣಗಳಿವೆ.

ಮೊದಲನೆಯದು ಮೂಳೆಯ ಕಿವುಡು. ಮೂತ್ರಪಿಂಡ ಸೋತವರ ಮೂಳೆಗೆ ಪಿ.ಟಿ.ಎಚ್.ನ ಕೂಗು ಸರಿಯಾಗಿ ಕೇಳಿಸುವುದಿಲ್ಲ. ಆರೋಗ್ಯವಂತರಲ್ಲಿ ಮೆಲುದನಿಯಲ್ಲಿ ನಡೆಯುವ ಕೆಲಸಕ್ಕೆ ಇಲ್ಲಿ ಗಟ್ಟಿಯಾಗಿ ಕೂಗಬೇಕಾಗುತ್ತದೆ. ಕಿವಿ ಮಂದವಾದ ಅಜ್ಜನೊಡನೆ ಮಾತನಾಡುವ ಮೊಮ್ಮಗನ ದನಿಯನ್ನು ಬೀದಿಯಿಂದ ಕೇಳಿದವರು ಜಗಳವೆಂದು ಭ್ರಮಿಸಿದರೆ ಹೇಗೋ ಹಾಗೆ, ಡಯಾಲಿಸಿಸ್ ರೋಗಿಯ ೨೦೦ನ್ನು ಕಂಡು ಗಾಬರಿಗೊಳ್ಳುವುದೂ ತಪ್ಪು.

ಎರಡನೆಯದು ಅಳತೆಯ ದೋಷ. ಪಿ.ಟಿ.ಎಚ್. ಎಂಬುದು ೮೪ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ರಕ್ತದಲ್ಲಿ ಅದು ತುಂಡುತುಂಡಾಗುತ್ತದೆ. ಆ ತುಂಡುಗಳನ್ನು ಹೊರಹಾಕುವುದು ಮೂತ್ರಪಿಂಡ. ಅದೇ ಸೋತಾಗ ತುಂಡುಗಳು ರಕ್ತದಲ್ಲೇ ರಾಶಿಯಾಗುತ್ತವೆ. ನ್ಯೂಯಾರ್ಕಿನ ಸಾಲಮನ್ ಬರ್ಸನ್ ಮತ್ತು ರೋಸಲಿನ್ ಯಾಲೋ ಅವರು ಸಂಗಡಿಗರೊಡನೆ ೧೯೬೩ರಲ್ಲಿ ಈ ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಹಾರ್ಮೋನುಗಳನ್ನು ಅಳೆಯುವ ಇಂಥ ವಿಧಾನವನ್ನು ರೂಪಿಸಿದುದಕ್ಕಾಗಿ ಯಾಲೋ ಅವರಿಗೆ ೧೯೭೭ರಲ್ಲಿ ನೊಬೆಲ್ ಬಹುಮಾನ ಬಂದಿತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಆ ಮೊದಲ ವಿಧಾನ ತುಂಡುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ೧೯೮೭ರ ಹೊತ್ತಿಗೆ ಸರದ ಎರಡು ತುದಿಗಳನ್ನೂ ಹಿಡಿದು ಅಳೆಯುವ ‘ಇಂಟ್ಯಾಕ್ಟ್’ ಎಂಬ ವಿಧಾನ ಬಂದಿತು. ಇಂದಿಗೂ ಹೆಚ್ಚಿನ ಪ್ರಯೋಗಾಲಯಗಳಲ್ಲಿ ಇದೇ ಬಗೆಯದು ನಡೆಯುತ್ತದೆ. ‘ಇಂಟ್ಯಾಕ್ಟ್’ ಎಂದರೆ ಅಖಂಡ. ಆದರೆ ಹೆಸರು ಅಖಂಡವಾದರೂ, ಮೊದಲ ಕೆಲವು ಮಣಿಗಳು ಉದುರಿದ ಉದ್ದನೆಯ ತುಂಡುಗಳೂ ಅದರ ಬಲೆಗೆ ಬೀಳುತ್ತವೆಂದು ೧೯೯೮ರಲ್ಲಿ ತಿಳಿಯಿತು. ಮೂತ್ರಪಿಂಡದ ರೋಗಿಗಳಲ್ಲಿ ಇಂಥ ತುಂಡುಗಳು ಹೆಚ್ಚು. ಆದುದರಿಂದ ವರದಿಯ ಅಂಕಿಯಲ್ಲಿ ಒಂದು ಪಾಲು ಕೆಲಸಕ್ಕೆ ಬಾರದ ಚೂರು.

ಈ ಕಾರಣಗಳಿಂದ ಡಯಾಲಿಸಿಸ್ ರೋಗಿಗಳಿಗೆ ಬೇರೆ ಪಟ್ಟಿ ಬೇಕಾಯಿತು. ಅಮೆರಿಕದ ಮೂತ್ರಪಿಂಡ ವೈದ್ಯರ ೨೦೦೩ರ ಸೂತ್ರಗಳು ೧೫೦ ರಿಂದ ೩೦೦ ಎಂಬ ಗುರಿಯನ್ನು ಹೇಳಿದವು. ಕೆ.ಡಿ.ಐ.ಜಿ.ಒ. ಎಂಬ ಅಂತರರಾಷ್ಟ್ರೀಯ ಮಂಡಲಿಯು ೨೦೦೯ರಲ್ಲಿ ಅದನ್ನು ಸಡಿಲಿಸಿ, ಆರೋಗ್ಯವಂತರ ಮೇಲ್ಮಿತಿಯ ಸುಮಾರು ಎರಡರಿಂದ ಒಂಬತ್ತು ಪಟ್ಟು ಎಂದಿತು. ೨೦೧೭ರ ಪರಿಷ್ಕರಣದಲ್ಲಿಯೂ ಅದನ್ನು ಉಳಿಸಿಕೊಂಡಿತು. ನಿಮ್ಮ ವರದಿಯ ಮೇಲ್ಮಿತಿ ೬೫ ಆಗಿದ್ದರೆ ೧೩೦ ರಿಂದ ೫೮೫ ಎಂದಾಯಿತು. ಈ ವಿಸ್ತಾರವನ್ನು ನೋಡಿ ನಗಬೇಡಿ. ಅದರ ಒಳಗಿರುವ ಅಂಕಿ ಮೂಳೆಯ ಸ್ಥಿತಿಯನ್ನು ಖಚಿತವಾಗಿ ಹೇಳಲಾರದು. ಅದಕ್ಕಿಂತ ಬಹಳ ಕೆಳಗೆ ಅಥವಾ ಬಹಳ ಮೇಲೆ ಹೋದಾಗ ಮಾತ್ರ ಅದರ ಮಾತಿಗೆ ತೂಕ ಬರುತ್ತದೆ. ಈ ವಿಸ್ತಾರದೊಳಗೇ ಇದ್ದರೂ ಅಂಕಿ ಒಂದೇ ದಿಕ್ಕಿನಲ್ಲಿ ಏರುತ್ತಲೋ ಇಳಿಯುತ್ತಲೋ ಸಾಗಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ಡಯಾಲಿಸಿಸ್ ಇನ್ನೂ ಬೇಕಾಗದ ರೋಗಿಗಳಿಗೆ ಹೀಗೊಂದು ಗುರಿಯನ್ನು ಆ ಮಂಡಲಿ ಗೊತ್ತುಮಾಡಿಲ್ಲ. ಪಿ.ಟಿ.ಎಚ್. ಏರುತ್ತಲೇ ಹೋದರೆ, ಅಥವಾ ಮೇಲ್ಮಿತಿಯ ಆಚೆಯೇ ನಿಂತುಬಿಟ್ಟರೆ, ಅದಕ್ಕೆ ಕಾರಣಗಳನ್ನು ಹುಡುಕಬೇಕು: ಆಹಾರದಲ್ಲಿ ಫಾಸ್ಫೇಟ್ ಹೆಚ್ಚಿದೆಯೆ, ರಕ್ತದಲ್ಲಿ ಕ್ಯಾಲ್ಸಿಯಂ ಕಡಮೆಯಿದೆಯೆ, ಡಿ ಜೀವಸತ್ವದ ಕೊರತೆಯಿದೆಯೆ ಎಂದು. ಅಂಕಿಯನ್ನು ಇಳಿಸುವುದಕ್ಕಿಂತ ಮೊದಲು ಕಾರಣವನ್ನು ತಿದ್ದುವುದು ಅಲ್ಲಿನ ಕ್ರಮ.

ತಕ್ಕಡಿಯೂ ಒಂದೇ ಬಗೆಯಲ್ಲ

ಈ ಅಂಕಿಯ ಮಾನ ಪಿಕೋಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು. ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ಇಂಥ ಎಷ್ಟು ಪಾಲುಗಳಿವೆ ಎಂಬುದು ಲೆಕ್ಕ. ಕೆಲವು ಪ್ರಯೋಗಾಲಯಗಳು ಪಿಕೋಮೋಲ್ ಎಂಬ ಬೇರೆ ಮಾನದಲ್ಲಿ ಬರೆಯುತ್ತವೆ; ಅದನ್ನು ಸುಮಾರು ಒಂಬತ್ತೂವರೆಯಿಂದ ಗುಣಿಸಿದರೆ ಪಿಕೋಗ್ರಾಂ ಬರುತ್ತದೆ. ಒಂದು ವರದಿಯಲ್ಲಿ ೭ ಇದ್ದುದು ಮತ್ತೊಂದರಲ್ಲಿ ೬೫ ಆಯಿತೆಂದು ಹೌಹಾರುವ ಮೊದಲು ಮಾನವನ್ನು ನೋಡಿಕೊಳ್ಳಿ.

ಇಷ್ಟು ಸೂಕ್ಷ್ಮವಾದುದನ್ನು ಅಳೆಯುವ ತಕ್ಕಡಿಗಳು ಒಂದರಂತೆ ಒಂದಿಲ್ಲ. ಫ್ರಾನ್ಸಿನ ಸಂಶೋಧಕರು ಡಯಾಲಿಸಿಸ್ ರೋಗಿಗಳ ರಕ್ತವನ್ನು ಹದಿನೈದು ತಯಾರಿಕೆಯ ಪರೀಕ್ಷಾ ಸಾಮಗ್ರಿಗಳಿಂದ ಅಳೆದು, ೨೦೦೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಸಾಮಗ್ರಿ ೧೫೦ ಎಂದ ಕಡೆ ಇನ್ನೊಂದು ೮೩ ಎನ್ನಬಹುದು, ಮತ್ತೊಂದು ೩೨೩ ಎನ್ನಬಹುದು ಎಂದು ಕಂಡಿತು. ಔಷಧ ಬದಲಾಗದೆ, ಕಾಯಿಲೆ ಬದಲಾಗದೆ, ಬರಿಯ ಪ್ರಯೋಗಾಲಯ ಬದಲಾದುದರಿಂದಲೇ ಅಂಕಿ ಇಮ್ಮಡಿಯಾಗಬಹುದು. ಆದುದರಿಂದ ಸಾಧ್ಯವಾದಮಟ್ಟಿಗೆ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಡಯಾಲಿಸಿಸ್ ನಡೆಯುವಾಗ ಕ್ಯಾಲ್ಸಿಯಂ ಮೇಲೆಕೆಳಗಾಗಿ ಪಿ.ಟಿ.ಎಚ್. ಕೂಡ ಬದಲಾಗುವುದರಿಂದ, ಪ್ರತಿ ಸಲವೂ ಡಯಾಲಿಸಿಸ್‌ಗೆ ಮುನ್ನವೇ ರಕ್ತ ಕೊಡಿ.

ಇನ್ನೊಂದು ಎಚ್ಚರ. ಕೂದಲು ಉದುರದಿರಲೆಂದು ಈಗ ಹಲವರು ಬಯೋಟಿನ್ ಗುಳಿಗೆ ನುಂಗುತ್ತಾರೆ. ಅನೇಕ ಪರೀಕ್ಷಾ ಸಾಮಗ್ರಿಗಳು ಬಯೋಟಿನ್ನಿನ ಅಂಟುಗುಣದ ಮೇಲೆಯೇ ನಡೆಯುವುದರಿಂದ, ರಕ್ತದಲ್ಲಿ ಅದು ಬಹಳವಿದ್ದರೆ ಪಿ.ಟಿ.ಎಚ್. ಇರುವುದಕ್ಕಿಂತ ಕಡಮೆಯೆಂದು ತೋರುತ್ತದೆ. ಮೂತ್ರಪಿಂಡ ಸೋತವರಲ್ಲಿ ಬಯೋಟಿನ್ ಬೇಗ ಹೊರಗೆ ಹೋಗುವುದೂ ಇಲ್ಲ. ಅಂಥ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೂ ರಕ್ತ ತೆಗೆಯುವವರಿಗೂ ಮರೆಯದೆ ಹೇಳಿ.

ಸಾಕ್ಷಿಗಳು ಯಾರು?

ಪಿ.ಟಿ.ಎಚ್. ಎಂಬುದು ಮೂಳೆಯ ಹೇಳಿಕೆಯಲ್ಲ, ಮೂಳೆಗೆ ಗ್ರಂಥಿ ಬರೆದ ಕಾಗದ. ಕಾಗದ ಹೋದಮಾತ್ರಕ್ಕೆ ಕೆಲಸ ನಡೆಯಿತೆಂದು ಹೇಳಲಾಗದು. ಮೂಳೆಯ ಕಡೆಯ ಸಾಕ್ಷಿ ಬೇಕು. ಅಂಥ ಒಂದು ಸಾಕ್ಷಿ ಆಲ್ಕಲೈನ್ ಫಾಸ್ಫಟೇಸ್. ಮೂಳೆ ಕಟ್ಟುವ ಕೋಶಗಳು ದುಡಿಯುವಾಗ ಇದು ರಕ್ತಕ್ಕೆ ಬರುತ್ತದೆ. ಯಕೃತ್ತಿನಿಂದಲೂ ಬರುವುದರಿಂದ, ಮೂಳೆಯದನ್ನೇ ಬೇರೆಯಾಗಿ ಅಳೆಯುವ ಪರೀಕ್ಷೆಯೂ ಇದೆ. ಪಿ.ಟಿ.ಎಚ್., ಆಲ್ಕಲೈನ್ ಫಾಸ್ಫಟೇಸ್ ಎರಡೂ ಬಹಳ ಏರಿದ್ದರೆ ಮೂಳೆ ಅತಿವೇಗದಲ್ಲಿದೆಯೆಂದು ಊಹಿಸಲು ಬಲವಾದ ಆಧಾರ ಸಿಕ್ಕಿತು. ಎರಡೂ ತೀರ ಕೆಳಗಿದ್ದರೆ ಮೂಳೆ ಮಲಗಿದೆಯೆಂಬ ಶಂಕೆ ಬಲವಾಯಿತು. ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಹೋದರೆ ತೀರ್ಪನ್ನು ಮುಂದಕ್ಕೆ ಹಾಕಿ, ಕ್ಯಾಲ್ಸಿಯಂ, ಫಾಸ್ಫೇಟ್, ಡಿ ಜೀವಸತ್ವಗಳ ಮಾತನ್ನೂ ಕೇಳಬೇಕು.

ಕಡೆಯ ನ್ಯಾಯಾಲಯವೆಂದರೆ ಮೂಳೆಯನ್ನೇ ನೋಡುವುದು. ಸೊಂಟದ ಮೂಳೆಯಿಂದ ಒಂದು ಸಣ್ಣ ತುಣುಕನ್ನು ಮರಗಟ್ಟಿಸುವ ಔಷಧ ಕೊಟ್ಟು ತೆಗೆಯುತ್ತಾರೆ. ಅದಕ್ಕೆ ಮೊದಲು ಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಕೊಟ್ಟಿರುತ್ತಾರೆ. ಹೊಸದಾಗಿ ಕಟ್ಟುತ್ತಿರುವ ಮೂಳೆಯಲ್ಲಿ ಆ ಔಷಧ ಸೇರಿಕೊಂಡು, ವಿಶೇಷ ಬೆಳಕಿನಲ್ಲಿ ಹೊಳೆಯುವ ಎರಡು ಗೆರೆಗಳಾಗಿ ಕಾಣುತ್ತದೆ. ಗೆರೆಗಳ ನಡುವಿನ ದೂರವೇ ಆ ದಿನಗಳಲ್ಲಿ ಕಟ್ಟಿದ ಮೂಳೆ. ದೂರ ಹೆಚ್ಚಿದ್ದರೆ ಕೆಲಸ ಚುರುಕು. ಗೆರೆಗಳೇ ಕಾಣದಿದ್ದರೆ ತಂಡ ಮಲಗಿದೆ. ಈ ಪರೀಕ್ಷೆ ಎಲ್ಲ ಊರುಗಳಲ್ಲೂ ನಡೆಯುವುದಿಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ. ಚಿಕಿತ್ಸೆಯ ದಾರಿ ಅದರಿಂದ ಬದಲಾಗುವಂತಿದ್ದರೆ ಮಾಡಿಸಬಹುದೆಂದು ೨೦೧೭ರ ಸೂತ್ರ ಹೇಳುತ್ತದೆ. ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೪೯೨ ಮಂದಿ ಡಯಾಲಿಸಿಸ್ ರೋಗಿಗಳ ಮೂಳೆಯ ತುಣುಕುಗಳನ್ನು ರಕ್ತಪರೀಕ್ಷೆಯೊಡನೆ ಹೋಲಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಯ ಮೂಳೆ ಮಂದಗತಿಯದಾಗಿತ್ತು. ಪಿ.ಟಿ.ಎಚ್. ದಿಕ್ಕನ್ನು ತೋರಿಸಿತು, ಆದರೆ ಒಬ್ಬೊಬ್ಬ ರೋಗಿಯ ಮೂಳೆಯ ಸ್ಥಿತಿಯನ್ನು ಅದೊಂದರಿಂದಲೇ ತಪ್ಪಿಲ್ಲದೆ ಹೇಳುವಷ್ಟು ಶಕ್ತಿ ಅದಕ್ಕಿರಲಿಲ್ಲ.

ಮನೆಯವರು ಮಾಡಬಹುದಾದುದು

ನಾವು ವೈದ್ಯರಲ್ಲ. ಆದರೂ ಮಾಡಬಹುದಾದ ಕೆಲಸ ಸಾಕಷ್ಟಿದೆ. ಒಂದು ನೋಟು ಪುಸ್ತಕದಲ್ಲಿ ಗೆರೆ ಎಳೆದು ದಿನಾಂಕ, ಪ್ರಯೋಗಾಲಯ, ಪಿ.ಟಿ.ಎಚ್., ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ಆಗ ನಡೆಯುತ್ತಿದ್ದ ಔಷಧ, ಇಷ್ಟನ್ನು ಬರೆದಿಡಿ. ಒಂದು ವರದಿ ಒಂದು ಪದ. ಐದಾರು ವರದಿಗಳು ಸೇರಿದರೆ ವಾಕ್ಯ. ವೈದ್ಯರು ಓದುವುದು ವಾಕ್ಯವನ್ನು.

ವರದಿಯಲ್ಲಿ ‘ಹೆಚ್ಚು’ ಎಂಬ ಗುರುತು ಕಂಡಾಗ ಅಳಬೇಡಿ, ಇಲ್ಲದಿದ್ದಾಗ ಸಿಹಿ ಹಂಚಬೇಡಿ. ಆ ಗುರುತನ್ನು ಹಾಕುವುದು ಆರೋಗ್ಯವಂತರ ಪಟ್ಟಿಯನ್ನು ಮಾತ್ರ ಬಲ್ಲ ಯಂತ್ರ. ವೈದ್ಯರನ್ನು ಕೇಳಬೇಕಾದುದು ಮೂರು ಮಾತು: ಹಿಂದಿನದಕ್ಕೆ ಹೋಲಿಸಿದರೆ ಇದು ಯಾವ ಕಡೆಗೆ ಹೋಗುತ್ತಿದೆ? ಮೂಳೆ ಅತಿವೇಗದಲ್ಲಿದೆಯೆಂದು ತೋರುತ್ತದೆಯೆ, ಮಲಗಿದೆಯೆಂದು ತೋರುತ್ತದೆಯೆ? ಅದಕ್ಕೆ ತಕ್ಕಂತೆ ಯಾವ ಔಷಧ ಬದಲಾಗಬೇಕು?

ಮೂರನೆಯ ಪ್ರಶ್ನೆ ಮುಖ್ಯವಾದುದು. ಏಕೆಂದರೆ ಎರಡು ಸ್ಥಿತಿಗಳ ಚಿಕಿತ್ಸೆ ಒಂದಕ್ಕೊಂದು ವಿರುದ್ಧ. ಅತಿವೇಗವಿದ್ದರೆ ಫಾಸ್ಫೇಟ್ ಹಿಡಿದಿಡುವ ಗುಳಿಗೆ, ಹುರುಪಿನ ಡಿ ಜೀವಸತ್ವ, ಗ್ರಂಥಿಯನ್ನು ಸುಮ್ಮನಾಗಿಸುವ ಸಿನಕಾಲ್ಸೆಟ್ ಮುಂತಾದ ಔಷಧ. ಅವೆಲ್ಲ ಸೋತರೆ ಶಸ್ತ್ರಕ್ರಿಯೆ. ಮೂಳೆ ಮಲಗಿದ್ದರೆ ಇದೇ ಡಿ ಜೀವಸತ್ವವನ್ನೂ ಕ್ಯಾಲ್ಸಿಯಂನ್ನೂ ತಗ್ಗಿಸಬೇಕು. ತಪ್ಪಾಗಿ ಓದಿದ ಅಂಕಿ ರೋಗಿಯನ್ನು ಎದುರು ದಾರಿಗೆ ಕಳಿಸುತ್ತದೆ. ಆದುದರಿಂದ ಅಂಗಡಿಯಿಂದ ಕ್ಯಾಲ್ಸಿಯಂ ಗುಳಿಗೆ ತರುವುದಾಗಲಿ, ವೈದ್ಯರು ಕೊಟ್ಟುದನ್ನು ನಾವೇ ನಿಲ್ಲಿಸುವುದಾಗಲಿ ಕೂಡದು.

ಆಹಾರದಲ್ಲಿ ಫಾಸ್ಫೇಟ್ ಲೆಕ್ಕ ಹಾಕುವಾಗಲೂ ಒಂದು ಸೂಕ್ಷ್ಮವಿದೆ. ಬೇಳೆಕಾಳುಗಳ ಫಾಸ್ಫೇಟ್ ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಕೋಲಾ ಪಾನೀಯಗಳಲ್ಲೂ ಪೊಟ್ಟಣದ ಸಂಸ್ಕರಿಸಿದ ತಿಂಡಿಗಳಲ್ಲೂ ಬೆರೆಸಿದ ಫಾಸ್ಫೇಟ್ ಬಹುಪಾಲು ನೇರವಾಗಿ ಸೇರುತ್ತದೆ. ಮನೆಯ ಸಾರನ್ನು ನಿಲ್ಲಿಸುವ ಮೊದಲು ಅಂಗಡಿಯ ಪೊಟ್ಟಣವನ್ನು ನಿಲ್ಲಿಸುವುದು ಲೇಸು.

ಭಾವನವರ ಕಥೆಯನ್ನು ಅರ್ಧದಲ್ಲಿ ಬಿಟ್ಟೆ. ವೈದ್ಯರು ಕ್ಯಾಲ್ಸಿಯಂ ಇರುವ ಗುಳಿಗೆಗಳನ್ನು ನಿಲ್ಲಿಸಿ, ಫಾಸ್ಫೇಟಿಗೆ ಕ್ಯಾಲ್ಸಿಯಂ ಇಲ್ಲದ ಔಷಧ ಕೊಟ್ಟರು. ಡಿ ಜೀವಸತ್ವವನ್ನು ಇಳಿಸಿದರು. ಡಯಾಲಿಸಿಸ್ ದ್ರವದಲ್ಲಿಯೂ ಕ್ಯಾಲ್ಸಿಯಂ ತಗ್ಗಿಸಿದರು. ಮೂರು ತಿಂಗಳಿಗೆ ೪೮ ಹೋಗಿ ೮೭ ಆಯಿತು. ಮತ್ತೆ ಮೂರು ತಿಂಗಳಿಗೆ ೧೫೨. ಆ ವರದಿಯ ಮೇಲೆ ಯಂತ್ರವು ‘ಹೆಚ್ಚು’ ಎಂದು ಗುರುತು ಹಾಕಿತ್ತು. ಅಕ್ಕ ಬಾಗಿಲಲ್ಲೇ ನಿಂತು, “ಏರಿಬಿಟ್ಟಿದೆಯಲ್ಲೋ!” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಒಳಗಿನಿಂದ ಭಾವನವರು, “ಈ ಸಲ ಅರ್ಥ ನೋಡಿಕೊಂಡು ಹೇಳಿ, ಮೇಷ್ಟ್ರೇ” ಎಂದು ನಕ್ಕರು. ನಾನು ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಮೊದಲು ನೋಟು ಪುಸ್ತಕ ತಾ ಅಕ್ಕ” ಎಂದೆ.